ಗೋಡೆ ಸಾಲದ ಪಟ
ದೋಹಾದ ಕಡಲತೀರದಲ್ಲಿ ಸೌರಮಂಡಲವನ್ನು ಅಳೆದ ಒಂದು ಬೆಳಗು

ಸಮ್ಮೇಳನದ ಊಟದ ಸಾಲಿನಲ್ಲಿ ಅಪರಿಚಿತ ಕನ್ನಡಿಗರಿಬ್ಬರು ಭೇಟಿಯಾದಾಗ ಮೊದಲು ಬರುವ ಪ್ರಶ್ನೆ, ‘ತಮ್ಮ ಊರು ಯಾವುದು?’ ಅದರ ಹಿಂದೆಯೇ ಬರುವ ಪ್ರಶ್ನೆ, ‘ಈಗ ಇರುವುದು ಎಲ್ಲಿ? ಊರಿನಿಂದ ಎಷ್ಟು ದೂರ?’ ಹೊರನಾಡಿನಲ್ಲಿ ನೆಲೆಸಿದ ನಮಗೆ ದೂರದ ಲೆಕ್ಕ ಬಾಯಿಪಾಠವಾಗಿರುತ್ತದೆ. ದೋಹಾದಿಂದ ಮಂಗಳೂರಿಗೆ ಸುಮಾರು 2,800 ಕಿಲೋಮೀಟರು, ಬೆಂಗಳೂರಿಗೆ ಸುಮಾರು 3,000. ವಿಮಾನದಲ್ಲಿ ನಾಲ್ಕು ಗಂಟೆಯ ಹಾದಿ. ಇಷ್ಟು ತಿಳಿದ ಮೇಲೆ ದೂರದ ವಿಷಯದಲ್ಲಿ ಕಲಿಯಬೇಕಾದುದು ಇನ್ನೇನೂ ಇಲ್ಲವೆಂದು ನಾನು ನಂಬಿದ್ದೆ. ಕಳೆದ ಚಳಿಗಾಲದ ಒಂದು ಶುಕ್ರವಾರ ಬೆಳಗ್ಗೆ ನನ್ನ ಹನ್ನೆರಡು ವರ್ಷದ ಮಗಳೊಡನೆ ಕತಾರಿನ ಕಡಲತೀರದಲ್ಲಿ ಆರು ಕಿಲೋಮೀಟರು ನಡೆದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಆ ನಡಿಗೆಯ ವೃತ್ತಾಂತವನ್ನೂ ಅದಕ್ಕೆ ಮೂಲಕಾರಣರಾದ ನಮ್ಮ ತಂದೆಯವರ ಒಂದು ಪಾಠವನ್ನೂ ಸಮ್ಮೇಳನದ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ವಾಲಿಬಾಲ್, ಸಾಸಿವೆ, ಅಡಕೆ

ನಮ್ಮ ತಂದೆಯವರು ಸುಳ್ಯ ತಾಲೂಕಿನ ಪಯಸ್ವಿನಿ ಹೊಳೆಯ ಬದಿಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ನಾನು ಅವರಲ್ಲಿಯೇ ಏಳನೆಯ ತರಗತಿ ಓದಿದವನು. 1989ರ ಆಗಸ್ಟ್ 25ರಂದು ವಾಯೇಜರ್-2 ಎಂಬ ಅಮೆರಿಕದ ನೌಕೆ ನೆಪ್ಚೂನ್ ಗ್ರಹದ ಪಕ್ಕದಲ್ಲಿ ಹಾದುಹೋಯಿತು. ಆ ನೀಲಿ ಗ್ರಹದ ಚಿತ್ರ ಪತ್ರಿಕೆಯಲ್ಲಿ ಬಂದಾಗ ತಂದೆಯವರು ಅದನ್ನು ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸಿದರು. ಪಕ್ಕದಲ್ಲಿ ಸೌರಮಂಡಲದ ಹಳೆಯ ಪಟವೊಂದು ತೂಗುತ್ತಿತ್ತು. ಅದರಲ್ಲಿ ಗ್ರಹಗಳೆಲ್ಲ ಹಬ್ಬದ ಪಂಕ್ತಿಯಲ್ಲಿ ಕುಳಿತ ನೆಂಟರಂತೆ ಒಬ್ಬರ ಮೊಣಕೈಗೆ ಇನ್ನೊಬ್ಬರ ಮೊಣಕೈ ತಾಗಿಸಿಕೊಂಡಿದ್ದವು.

‘ಮಕ್ಕಳೇ, ಈ ಪಟವನ್ನು ಸರಿಯಾಗಿ ಬರೆಯಬೇಕಾದರೆ ಗೋಡೆ ಸಾಲದು; ಹೊಳೆ ದಾಟಬೇಕು’ ಎಂದರು ಅವರು. ನಮಗೆ ಅರ್ಥವಾಗಲಿಲ್ಲ.

ಅವರ ಮಾತು ಸರಳ ಲೆಕ್ಕ. ಪಟದಲ್ಲಿ ಭೂಮಿಯನ್ನು ಒಂದು ಸೆಂಟಿಮೀಟರು ಅಗಲ ಬರೆದರೆ ಸೂರ್ಯನನ್ನು ಒಂದು ಮೀಟರಿಗಿಂತ ಹೆಚ್ಚು ಅಗಲ ಬರೆಯಬೇಕು. ಅದೊಂದು ದೊಡ್ಡ ಕಾಗದಕ್ಕೆ ಹಿಡಿಸೀತು. ಆದರೆ ಆ ಎರಡರ ನಡುವೆ 117 ಮೀಟರು ಖಾಲಿ ಜಾಗ ಬಿಡಬೇಕು. ನೆಪ್ಚೂನನ್ನು ಬರೆಯಲು ಮೂರೂವರೆ ಕಿಲೋಮೀಟರು ಆಚೆಗೆ ಹೋಗಬೇಕು. ಯಾವ ಪುಸ್ತಕವೂ ಅಷ್ಟು ಅಗಲವಿರುವುದಿಲ್ಲ. ಆದುದರಿಂದ ಚಿತ್ರಕಾರರು ಗಾತ್ರಕ್ಕೊಂದು ಅಳತೆ, ದೂರಕ್ಕೊಂದು ಅಳತೆ ಇಟ್ಟುಕೊಳ್ಳುತ್ತಾರೆ. ಹಾಗೆ ಮಾಡಿದಾಗ ಚಿತ್ರದಿಂದ ಮರೆಯಾಗುವುದು ಆಕಾಶದ ಅತಿ ದೊಡ್ಡ ವಸ್ತು, ಅಂದರೆ ನಡುವಣ ಬಯಲು.

ಮಳೆ ಬಿಟ್ಟು ದಸರಾ ರಜೆಯೂ ಮುಗಿದ ವಾರದಲ್ಲಿ ತಂದೆಯವರು ನಮ್ಮನ್ನು ಮೈದಾನಕ್ಕೆ ಕರೆದೊಯ್ದರು. ಶಾಲೆಯ ವಾಲಿಬಾಲ್ ಚೆಂಡೇ ಸೂರ್ಯ. ತೆಂಗಿನ ನಾರಿನ ಹಗ್ಗ ಹಿಡಿದು 9 ಮೀಟರು ಅಳೆದು ಬುಧ, 16 ಮೀಟರಿಗೆ ಶುಕ್ರ, ಇಪ್ಪತ್ತೆರಡೂವರೆ ಮೀಟರಿಗೆ ಭೂಮಿ. ಭೂಮಿಯೆಂದರೆ ಸ್ಲೇಟಿನ ಮೇಲೆ ಇಟ್ಟ ಒಂದು ಸಾಸಿವೆ ಕಾಳು. ಮಂಗಳ 34 ಮೀಟರಿನಲ್ಲಿ. ಅಲ್ಲಿಗೆ ಮೈದಾನದ ಅಂಚು ಬಂದಿತು. ಗುರುಗ್ರಹ 117 ಮೀಟರಿನಲ್ಲಿ ಬೇಲಿಯಾಚೆ, ಅಡಕೆ ತೋಟದೊಳಗೆ. ಅದಕ್ಕೆ ತಕ್ಕಂತೆ ಸುಲಿದ ಅಡಕೆಯನ್ನೇ ಗುರುವಾಗಿ ಇಟ್ಟೆವು. ಶನಿ 216 ಮೀಟರಿನಲ್ಲಿ, ಯುರೇನಸ್ 433ರಲ್ಲಿ. ನೆಪ್ಚೂನ್ 680 ಮೀಟರಿನಲ್ಲಿ, ನಿಜವಾಗಿಯೂ ಹೊಳೆಯಾಚೆ. ಅದನ್ನು ಹಿಡಿದುಕೊಂಡು ನಿಲ್ಲಲು ಹೋದ ಹುಡುಗನಿಗೆ ಮಧ್ಯಾಹ್ನದ ಗಂಟೆ ಕೇಳಿಸಲಿಲ್ಲ.

ಕೊನೆಗೆ ಒಬ್ಬ ಕೇಳಿದ: ‘ಸಾರ್, ನಕ್ಷತ್ರಗಳು ಎಲ್ಲಿ?’ ತಂದೆಯವರು ಕೈಯಲ್ಲಿದ್ದ ಕಾಗದದಲ್ಲಿ ಲೆಕ್ಕ ಹಾಕಿ ಹೇಳಿದರು: ‘ಅತಿ ಹತ್ತಿರದ ನಕ್ಷತ್ರವನ್ನು ಇಡಬೇಕಾದರೆ ಇಲ್ಲಿಂದ ಆರು ಸಾವಿರ ಕಿಲೋಮೀಟರು ಹೋಗಬೇಕು. ನಿಮ್ಮಲ್ಲಿ ಯಾರಾದರೂ ಮುಂದೆ ಅಷ್ಟು ದೂರ ಹೋದರೆ ಇನ್ನೊಂದು ಚೆಂಡು ತೆಗೆದುಕೊಂಡು ಹೋಗಿ ಇಟ್ಟುಬಿಡಿ.’ ನಾವೆಲ್ಲ ನಕ್ಕೆವು. ಸುಳ್ಯದಿಂದ ಮಂಗಳೂರನ್ನು ನೋಡಿದ್ದವರೇ ನಮ್ಮಲ್ಲಿ ನಾಲ್ಕು ಜನ.

ನಾನು ಹೋದದ್ದು ಅದರ ಅರ್ಧ ದೂರ, ದೋಹಾದವರೆಗೆ.

ಹತ್ತು ಲಕ್ಷಕ್ಕೆ ಒಂದು ಮೀಟರು

ಸೌರಮಂಡಲವನ್ನು ನೆಲದ ಮೇಲೆ ಹಾಸಿ ತೋರಿಸುವ ಪ್ರಯತ್ನ ಜಗತ್ತಿನಲ್ಲಿ ಹಲವೆಡೆ ನಡೆದಿದೆ. ಸ್ವೀಡನ್ನಿನಲ್ಲಿ ಸ್ಟಾಕ್‌ಹೋಮ್ ನಗರದ ಗೋಳಾಕಾರದ ಕ್ರೀಡಾಂಗಣವನ್ನೇ ಸೂರ್ಯನೆಂದು ಹಿಡಿದು, ಎರಡು ಕೋಟಿಗೆ ಒಂದರ ಪ್ರಮಾಣದಲ್ಲಿ ಗ್ರಹಗಳನ್ನು ದೇಶದುದ್ದಕ್ಕೂ ಸ್ಥಾಪಿಸಿದ್ದಾರೆ. ಅಮೆರಿಕದ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ 2001ರಲ್ಲಿ ಸಾವಿರ ಕೋಟಿಗೆ ಒಂದರ ಮಾದರಿಯನ್ನು ನಿಲ್ಲಿಸಿದರು. ಅಲ್ಲಿ ಸೂರ್ಯನಿಂದ ಪ್ಲೂಟೊವರೆಗಿನ ದೂರ ಸುಮಾರು 600 ಮೀಟರು. ನಾವು ಆರಿಸಿಕೊಂಡದ್ದು ಇವೆರಡರ ನಡುವಣ ಪ್ರಮಾಣವನ್ನು: ನೂರು ಕೋಟಿಗೆ ಒಂದು. ಅಂದರೆ ಆಕಾಶದ ಹತ್ತು ಲಕ್ಷ ಕಿಲೋಮೀಟರು ನೆಲದ ಮೇಲೆ ಒಂದು ಮೀಟರು. ಈ ಪ್ರಮಾಣದಲ್ಲಿ ಮಕ್ಕಳೂ ಮನಸ್ಸಿನಲ್ಲೇ ಲೆಕ್ಕ ಮಾಡಬಲ್ಲರು.

ಕತಾರಿನಲ್ಲಿ ಇದಕ್ಕೆ ಹೇಳಿಮಾಡಿಸಿದ ಸ್ಥಳವಿದೆ. ದೋಹಾದ ಕೊಲ್ಲಿಯನ್ನು ಅರ್ಧಚಂದ್ರಾಕಾರವಾಗಿ ಬಳಸುವ ‘ಕಾರ್ನಿಶ್’ ಎಂಬ ಕಡಲತೀರದ ಹಾದಿ ಸುಮಾರು ಏಳು ಕಿಲೋಮೀಟರು ಉದ್ದ. ಒಂದು ತುದಿಯಲ್ಲಿ ಮರುಭೂಮಿಯ ಗುಲಾಬಿಯೆಂಬ ಹರಳುಗಲ್ಲಿನ ಆಕಾರದಲ್ಲಿ ಕಟ್ಟಿ 2019ರಲ್ಲಿ ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಇನ್ನೊಂದು ತುದಿಯಲ್ಲಿ ಗಗನಚುಂಬಿ ಕಟ್ಟಡಗಳ ಗುಂಪು. ದಾರಿ ಬಾಗಿರುವುದರಿಂದ ದಾರಿಯ ಉದ್ದವನ್ನೇ ಅಳತೆಯಾಗಿ ಹಿಡಿದೆವು.

ಮುನ್ನಾದಿನ ಅಡುಗೆಮನೆಯಲ್ಲಿ ಗ್ರಹಗಳ ಆಯ್ಕೆ ನಡೆಯಿತು. ಮಗಳು ಅಳತೆಪಟ್ಟಿ ಹಿಡಿದು ಡಬ್ಬಗಳನ್ನೆಲ್ಲ ಶೋಧಿಸಿದಳು. ಬುಧ 5 ಮಿಲಿಮೀಟರು: ಒಂದು ಕಾಳುಮೆಣಸು. ಮಂಗಳ 7 ಮಿಲಿಮೀಟರು: ಒಣ ಬಟಾಣಿ. ಗುರು 14 ಸೆಂಟಿಮೀಟರು: ಚಕ್ಕೋತ ಹಣ್ಣು. ಶನಿ 12 ಸೆಂಟಿಮೀಟರು: ಸುಲಿದ ತೆಂಗಿನಕಾಯಿ. ಯುರೇನಸ್, ನೆಪ್ಚೂನ್ ಎರಡಕ್ಕೂ ಐದು ಸೆಂಟಿಮೀಟರಿನ ನಿಂಬೆಹಣ್ಣು. ಪ್ಲೂಟೊವನ್ನು 2006ರಲ್ಲಿ ಕುಬ್ಜಗ್ರಹವೆಂದು ಕರೆದರೂ ಅಜ್ಜನ ಪಟದಲ್ಲಿದ್ದುದರಿಂದ ಅದನ್ನು ಬಿಡಲು ಮಗಳು ಒಪ್ಪಲಿಲ್ಲ. ಅದಕ್ಕೊಂದು ದಪ್ಪ ಸಾಸಿವೆ. ಸೂರ್ಯನಿಗಾಗಿ ನನ್ನ ಹೆಂಡತಿ ಹಳದಿ ಬಟ್ಟೆಯಲ್ಲಿ 1 ಮೀಟರು 39 ಸೆಂಟಿಮೀಟರು ಅಗಲದ ವೃತ್ತವನ್ನು ಹೊಲಿದಳು.

ಉಳಿದದ್ದು ಭೂಮಿ ಮತ್ತು ಶುಕ್ರ. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ, 12ರಿಂದ 13 ಮಿಲಿಮೀಟರು. ಇವಕ್ಕೆ ದೋಹಾದ ಹಳೆಯ ಸಂತೆಯಾದ ಸೂಕ್ ವಾಕಿಫ್‌ನಿಂದ ಎರಡು ಕೃತಕ ಮುತ್ತುಗಳನ್ನು ತಂದೆವು. ಇದೂ ಈ ನೆಲಕ್ಕೆ ಒಪ್ಪುವ ವಸ್ತು. 1930ರ ದಶಕದಲ್ಲಿ ಜಪಾನಿನ ಕೃಷಿಮುತ್ತು ಮಾರುಕಟ್ಟೆಯನ್ನು ಆಕ್ರಮಿಸುವವರೆಗೆ ಕತಾರಿನ ಜನರು ಬದುಕಿದ್ದು ಇದೇ ಕಡಲಿನ ಮುತ್ತಿನಿಂದ. ತಿಂಗಳುಗಟ್ಟಲೆ ಮನೆ ಬಿಟ್ಟು ದೋಣಿಗಳಲ್ಲಿ ಉಳಿಯುತ್ತಿದ್ದ ಆ ಮುಳುಗುಗಾರರಿಗೂ ಮನೆಯ ದೂರ ತಿಳಿದಿತ್ತು. ದಾರಿ ತೋರಿಸಲು ನಕ್ಷತ್ರಗಳಿದ್ದವು.

ಮಣಿಯ ಮೇಲೆ ಎರಡು ಚುಕ್ಕೆ

ಬೆಳಗ್ಗೆ ಆರೂವರೆಗೆ ನಮ್ಮ ಪರಿಚಯದ ನಾಲ್ಕಾರು ಕನ್ನಡ ಕುಟುಂಬಗಳು ವಸ್ತುಸಂಗ್ರಹಾಲಯದ ಬಳಿ ಸೇರಿದೆವು. ಇಬ್ಬರು ಹುಡುಗರು ಹಳದಿ ಬಟ್ಟೆಯನ್ನು ಬಿಡಿಸಿ ಹಿಡಿದು ನಿಂತರು. 58 ಮೀಟರಿನಲ್ಲಿ ಕಾಳುಮೆಣಸು, 108ರಲ್ಲಿ ಶುಕ್ರ, 150 ಮೀಟರಿನಲ್ಲಿ ನಮ್ಮ ಭೂಮಿ. ಇಷ್ಟು ನಡೆಯಲು ಎರಡೂವರೆ ನಿಮಿಷ ಸಾಕಾಯಿತು.

ಅಲ್ಲಿ ನಿಂತು ತಿರುಗಿ ನೋಡಲು ಮಕ್ಕಳಿಗೆ ಹೇಳಿದೆ. ತೋಳನ್ನು ನೀಡಿ ಹಿಡಿದರೆ ಕಿರುಬೆರಳಿನ ಉಗುರು ಆ ಹಳದಿ ಬಟ್ಟೆಯನ್ನು ಪೂರ್ತಿ ಮರೆಮಾಡುತ್ತಿತ್ತು. ಆಕಾಶದ ಸೂರ್ಯನೂ ನಮಗೆ ಕಾಣುವುದು ಸರಿಯಾಗಿ ಅಷ್ಟೇ ಗಾತ್ರದಲ್ಲಿ, ಅರ್ಧ ಡಿಗ್ರಿಯಷ್ಟು. ಗಾತ್ರವೂ ದೂರವೂ ಒಂದೇ ಪ್ರಮಾಣದಲ್ಲಿದ್ದರೆ ನೋಟವೂ ತಾನಾಗಿ ಸರಿಹೊಂದುತ್ತದೆ. ಪಟದಲ್ಲಿ ಎಂದೂ ಸಿಗದ ಸಾಕ್ಷಿ ಇದು.

ಚಂದ್ರನಾಗಿ ಒಂದು ಕೊತ್ತಂಬರಿ ಕಾಳನ್ನು ಮುತ್ತಿನಿಂದ 38 ಸೆಂಟಿಮೀಟರು ದೂರದಲ್ಲಿ ಹಿಡಿದೆವು. ಮನುಷ್ಯ ಇದುವರೆಗೆ ಕಾಲಿಟ್ಟು ಬಂದಿರುವ ಅತಿ ದೂರದ ಸ್ಥಳ ಈ ಒಂದು ಮೊಳದೊಳಗೇ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ನಾವು ಸಂಭ್ರಮಿಸಿದ್ದೂ ಇದೇ ಕೊತ್ತಂಬರಿ ಕಾಳಿನ ಮೇಲೆ. ಸೂರ್ಯನನ್ನು ಗಮನಿಸಲು ಇಸ್ರೋ ಕಳುಹಿಸಿದ ಆದಿತ್ಯ-ಎಲ್1 ನೌಕೆ ಮುತ್ತಿನಿಂದ ಒಂದೂವರೆ ಮೀಟರು ಆಚೆಗಿದೆ. ಗಗನಯಾತ್ರಿಗಳು ತಿಂಗಳುಗಟ್ಟಲೆ ವಾಸಿಸುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವಾದರೋ ಮುತ್ತಿನ ಮೈಯಿಂದ ಅರ್ಧ ಮಿಲಿಮೀಟರಿಗೂ ಕಡಿಮೆ. ಇನ್ನೊಂದು ಸ್ವಾರಸ್ಯ: ಭೂಮಿಗೂ ಚಂದ್ರನಿಗೂ ನಡುವಿನ ಆ 38 ಸೆಂಟಿಮೀಟರಿನಲ್ಲಿ ಉಳಿದ ಏಳು ಗ್ರಹಗಳನ್ನೂ ಒಂದರ ಪಕ್ಕ ಒಂದು ಜೋಡಿಸಿದರೆ ಎಲ್ಲವೂ ಹಿಡಿಸುತ್ತವೆ.

ಮಗಳು ಜೇಬಿನಿಂದ ಮೊನಚಾದ ಲೇಖನಿಯೊಂದನ್ನು ತೆಗೆದಳು. ‘ಅಪ್ಪ, ಇದರ ಮೇಲೆ ನಮ್ಮ ಮನೆ ಎಲ್ಲಿ? ಅಜ್ಜನ ಮನೆ ಎಲ್ಲಿ?’ ಎಂದಳು. ಲೆಕ್ಕ ಮಾಡಿದೆ. ದೋಹಾದಿಂದ ಮಂಗಳೂರಿಗೆ 2,800 ಕಿಲೋಮೀಟರು ಎಂದರೆ ಮುತ್ತಿನ ಮೇಲೆ 2.8 ಮಿಲಿಮೀಟರು. ಸುಳ್ಯಕ್ಕೂ ಹೆಚ್ಚುಕಡಿಮೆ ಅಷ್ಟೇ. ಅವಳು ಎರಡು ಚುಕ್ಕೆ ಇಟ್ಟಳು. ಅವೆರಡರ ನಡುವೆ ಮೂರನೆಯ ಚುಕ್ಕೆಯನ್ನಿಡಲು ಜಾಗ ಸಾಕಷ್ಟಿರಲಿಲ್ಲ.

ಆಮೇಲೆ ಅವಳು ಕೇಳಿದ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ‘ಇಷ್ಟೇ ದೂರವಾದರೆ, ಅಜ್ಜ ತೀರಿಕೊಂಡಾಗ ನೀವು ಯಾಕೆ ಹೋಗಲಿಲ್ಲ?’

ಸಮ್ಮೇಳನದ ಬಂಧುಗಳಲ್ಲಿ ಹಲವರಿಗೆ ಈ ಪ್ರಶ್ನೆಯ ಹಿನ್ನೆಲೆಯನ್ನು ವಿವರಿಸಬೇಕಾಗಿಲ್ಲ. 2020ರ ಮಾರ್ಚ್ ತಿಂಗಳ ಕೊನೆಯ ಭಾಗದಲ್ಲಿ ಭಾರತಕ್ಕೆ ಹೋಗುವ ಪ್ರಯಾಣಿಕ ವಿಮಾನಗಳು ನಿಂತವು. ಏಪ್ರಿಲ್ ತಿಂಗಳಲ್ಲಿ ನಮ್ಮ ತಂದೆಯವರು ಮನೆಯಲ್ಲಿಯೇ ನಿದ್ದೆಯಲ್ಲಿ ತೀರಿಕೊಂಡರು. ನಾನು ಅವರ ಏಕಮಾತ್ರ ಪುತ್ರ. ಅಗ್ನಿಸ್ಪರ್ಶ ಮಾಡಿದವನು ನನ್ನ ಚಿಕ್ಕಪ್ಪನ ಮಗ. ನಾನು ದೋಹಾದ ಮನೆಯ ಕೋಣೆಯಲ್ಲಿ ಕುಳಿತು ಫೋನಿನ ಪುಟ್ಟ ಪರದೆಯಲ್ಲಿ ಅದನ್ನು ನೋಡಿದೆ. ನಡುವೆ ಎರಡು ಸಲ ಸಂಪರ್ಕ ಕಡಿದುಹೋಯಿತು. ಆಗ ಏಳು ವರ್ಷದವಳಾಗಿದ್ದ ಮಗಳು ಬಾಗಿಲಲ್ಲಿ ನಿಂತಿದ್ದಳೆಂಬುದು ನನಗೆ ಬಹಳ ಕಾಲ ತಿಳಿದಿರಲಿಲ್ಲ.

‘ಮುಂದೆ ನಡೆಯೋಣ, ಆಮೇಲೆ ಹೇಳುತ್ತೇನೆ’ ಎಂದೆ.

ಬೆಳಕಿಗಿಂತ ವೇಗವಾಗಿ

228 ಮೀಟರಿನಲ್ಲಿ ಮಂಗಳನನ್ನು ದಾಟಿದ ಮೇಲೆ ನಡಿಗೆಯ ಸ್ವರೂಪವೇ ಬದಲಾಯಿತು. ಗುರುವಿಗೆ 778 ಮೀಟರು. ಶನಿಗೆ 1,430. ಯುರೇನಸ್ಸಿಗೆ 2,870. ಮಕ್ಕಳು ಮೊದಲು ಓಡಿದರು, ಆಮೇಲೆ ನಡೆದರು, ಆಮೇಲೆ ‘ಇನ್ನೂ ಬರಲಿಲ್ಲವೇ?’ ಎನ್ನತೊಡಗಿದರು. ಈ ಬೇಸರವೇ ನಮ್ಮ ಪಾಠವಾಗಿತ್ತು. ಮೊದಲ ನಾಲ್ಕು ಗ್ರಹಗಳು ನಾಲ್ಕು ನಿಮಿಷದೊಳಗೆ ಮುಗಿದಿದ್ದವು. ಐದನೆಯದರಿಂದ ಮುಂದೆ ಪ್ರತಿಯೊಂದು ಹಣ್ಣಿಗೂ ಹಿಂದಿನದಕ್ಕಿಂತ ಹೆಚ್ಚು ಕಾಯಬೇಕಾಯಿತು. ಗಾತ್ರವನ್ನು ಕಣ್ಣು ಒಂದು ಕ್ಷಣದಲ್ಲಿ ಹಿಡಿಯಬಲ್ಲದು. ದೂರವನ್ನು ಕಾಲೇ ಅಳೆಯಬೇಕು.

ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು. ನಮ್ಮ ಪ್ರಮಾಣದಲ್ಲಿ ಅದು ಸೆಕೆಂಡಿಗೆ 30 ಸೆಂಟಿಮೀಟರು, ಅಂಬೆಗಾಲಿಡುವ ಮಗುವಿನ ವೇಗ. ಸೂರ್ಯನಿಂದ ಮುತ್ತಿಗೆ ಬರಲು ಬೆಳಕಿಗೆ ಎಂಟು ನಿಮಿಷಕ್ಕೂ ಮಿಗಿಲಾಗಿ ಬೇಕು. ನಾವು ಎರಡೂವರೆ ನಿಮಿಷದಲ್ಲಿ ಬಂದಿದ್ದೆವು. ನೆಪ್ಚೂನಿನ ನಿಂಬೆಹಣ್ಣನ್ನು ಇಟ್ಟ ನಾಲ್ಕೂವರೆ ಕಿಲೋಮೀಟರಿನ ಕಲ್ಲುಬೆಂಚನ್ನು ನಾವು ಒಂದು ಗಂಟೆ ಕೆಲವು ನಿಮಿಷಗಳಲ್ಲಿ ಮುಟ್ಟಿದೆವು. ಬೆಳಕು ಅಲ್ಲಿಗೆ ಬರಲು ನಾಲ್ಕು ಗಂಟೆ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ದೋಹಾದಿಂದ ಊರಿಗೆ ವಿಮಾನ ಹಾರುವಷ್ಟು ಹೊತ್ತು! ವಿಶ್ವದಲ್ಲಿ ಬೆಳಕಿಗಿಂತ ವೇಗವಾಗಿ ಚಲಿಸುವುದು ಯಾವುದೂ ಇಲ್ಲ. ಆದರೂ ಈ ಬಯಲಿನೆದುರು ಅದೂ ತೆವಳುವ ಕೂಸು.

ಆರನೆಯ ಕಿಲೋಮೀಟರಿನಲ್ಲಿ, ಪ್ಲೂಟೊವಿನ ಸಾಸಿವೆಯನ್ನು ದಾಟಿ ಸ್ವಲ್ಪ ಮುಂದೆ, ನಾನು ಎಲ್ಲರನ್ನೂ ನಿಲ್ಲಿಸಿದೆ. 1990ರ ಫೆಬ್ರವರಿ 14ರಂದು ವಾಯೇಜರ್-1 ನೌಕೆ ಸುಮಾರು 600 ಕೋಟಿ ಕಿಲೋಮೀಟರು ದೂರ ಹೋದ ಮೇಲೆ, ವಿಜ್ಞಾನಿ ಕಾರ್ಲ್ ಸಗಾನ್ ಅವರ ಒತ್ತಾಸೆಯಿಂದ, ತನ್ನ ಕ್ಯಾಮೆರಾವನ್ನು ಹಿಂದಕ್ಕೆ ತಿರುಗಿಸಿ ಭೂಮಿಯ ಚಿತ್ರವನ್ನು ತೆಗೆಯಿತು. ನಮ್ಮ ಮಾದರಿಯಲ್ಲಿ ಆ ನೌಕೆ ನಿಂತಿದ್ದ ಜಾಗ ಇದೇ. ಆ ಪ್ರಸಿದ್ಧ ಚಿತ್ರದಲ್ಲಿ ಭೂಮಿ ಒಂದು ಮಸುಕು ನೀಲಿ ಚುಕ್ಕೆಯಾಗಿ ಮಾತ್ರ ಕಾಣುತ್ತದೆ. ಅದು ಏಕೆಂದು ಈಗ ಯಾರೂ ವಿವರಿಸಬೇಕಾಗಿರಲಿಲ್ಲ. ಕೊಲ್ಲಿಯ ನೀರಿನಾಚೆ ನೋಡಿದೆವು. ಮುತ್ತು ಇರಲಿ, ಹಳದಿ ಬಟ್ಟೆಯೂ ಕಾಣಿಸಲಿಲ್ಲ.

ಮಗಳಿಗೆ ಹೇಳಿದೆ: ‘ಅಜ್ಜ ತೀರಿಕೊಂಡಾಗ ನಾವು ಬೇರೆ ಬೇರೆ ಊರಿನಲ್ಲಿದ್ದೆವು ಎಂದು ಇಲ್ಲಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ.’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಇಲ್ಲಿಂದ ನೋಡುವವರಿಗೆ ಗೊತ್ತಾಗದಿರಬಹುದು, ಅಪ್ಪ. ಅಜ್ಜಿಗೆ ಗೊತ್ತಾಗಿತ್ತಲ್ಲ’ ಎಂದಳು.

ನಾನು ಒಪ್ಪಿಕೊಂಡೆ. ಮೂರು ಮಿಲಿಮೀಟರು ಸತ್ಯ. ವಿಮಾನ ನಿಂತ ದಿನದ ಮೂರು ಸಾವಿರ ಕಿಲೋಮೀಟರೂ ಅಷ್ಟೇ ಸತ್ಯ. ಒಂದು ಅಳತೆ ಇನ್ನೊಂದನ್ನು ಅಳಿಸಿಹಾಕುವುದಿಲ್ಲ. ವಿಶ್ವದ ವೈಶಾಲ್ಯವನ್ನು ಕಂಡರೆ ಮನುಷ್ಯನ ದುಃಖ ಕ್ಷುಲ್ಲಕವೆನಿಸುತ್ತದೆ ಎಂದು ಕೆಲವರು ಬರೆಯುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಆರು ಕಿಲೋಮೀಟರು ನಡೆದರೂ ಹತ್ತಾರು ಹಣ್ಣುಕಾಳುಗಳಲ್ಲದೆ ಮತ್ತೇನೂ ಸಿಗದ ದಾರಿಯಲ್ಲಿ, ಅಳುವವರೂ ಅಳಿಸಿಹೋದವರೂ ಇರುವುದು ಆ ಒಂದು ಮಣಿಯ ಮೇಲೆ ಎಂಬುದಷ್ಟೇ ಅನ್ನಿಸಿತು.

ಅತಿ ದೂರ ಹೋದ ಕನ್ನಡ

ವಾಯೇಜರ್-1 ಈಗ ಸೂರ್ಯನಿಂದ 2,500 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ನಮ್ಮ ಮಾದರಿಯಲ್ಲಿ 25 ಕಿಲೋಮೀಟರು. ಅಂದರೆ ದೋಹಾದ ದಕ್ಷಿಣಕ್ಕೆ ಅಲ್ ವಕ್ರಾ ಪಟ್ಟಣವನ್ನೂ ದಾಟಿ ಮುಂದೆ. ಅದು ಸೆಕೆಂಡಿಗೆ 17 ಕಿಲೋಮೀಟರು ವೇಗದಲ್ಲಿ ಧಾವಿಸುತ್ತಿದ್ದರೂ ಮಾದರಿಯಲ್ಲಿ ಗಂಟೆಗೆ ಆರು ಸೆಂಟಿಮೀಟರು ಮಾತ್ರ ಸರಿಯುತ್ತದೆ. 1977ರಲ್ಲಿ ಹೊರಟ ಈ ಎರಡು ನೌಕೆಗಳಲ್ಲೂ ಚಿನ್ನದ ಲೇಪದ ಒಂದೊಂದು ಧ್ವನಿಮುದ್ರಿಕೆ ಇದೆ. ಅದರಲ್ಲಿ ಜಗತ್ತಿನ 55 ಭಾಷೆಗಳಲ್ಲಿ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭ ಕೋರುವ ಆ ಚಿಕ್ಕ ಮಾತು ಇಂದು ಮನುಷ್ಯ ನಿರ್ಮಿಸಿದ ಯಾವ ವಸ್ತುವೂ ಹೋಗಿರದಷ್ಟು ದೂರ ಹೋಗಿದೆ. ಹೊರನಾಡ ಕನ್ನಡಿಗರಲ್ಲಿ ಅತಿ ದೂರದ ನಿವಾಸಿ ಯಾರೆಂದು ಸಮ್ಮೇಳನದಲ್ಲಿ ಸ್ಪರ್ಧೆ ಏರ್ಪಟ್ಟರೆ ಬಹುಮಾನ ಆ ದನಿಗೇ ಸಲ್ಲಬೇಕು.

ಇನ್ನು ಅತಿ ಹತ್ತಿರದ ನಕ್ಷತ್ರ. ಪ್ರಾಕ್ಸಿಮಾ ಸೆಂಟಾರಿ ನಮ್ಮಿಂದ 4.24 ಜ್ಯೋತಿರ್ವರ್ಷ ದೂರ. ಕಾರ್ನಿಶ್‌ನ ಮಾದರಿಯಲ್ಲಿ ಅದನ್ನಿಡಲು ಸುಮಾರು 40,000 ಕಿಲೋಮೀಟರು ಹೋಗಬೇಕು. ನಿಜವಾದ ಭೂಮಿಯ ಸುತ್ತಳತೆಯೂ ಸುಮಾರು 40,000 ಕಿಲೋಮೀಟರೇ. ಅಂದರೆ ದೋಹಾದಿಂದ ಹೊರಟು ಅರಬ್ಬೀ ಸಮುದ್ರ, ಭಾರತ, ಚೀನಾ, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್, ಆಫ್ರಿಕ ಎಲ್ಲವನ್ನೂ ದಾಟಿ ಇಡೀ ಭೂಗೋಳವನ್ನು ಸುತ್ತಿಬಂದರೆ, ಮತ್ತೆ ಅದೇ ವಸ್ತುಸಂಗ್ರಹಾಲಯದ ಎದುರಿಗೆ ಬಂದಾಗ ಆ ನಕ್ಷತ್ರ ಸಿಕ್ಕುತ್ತದೆ. ಸೂರ್ಯನನ್ನು ಒಂದು ಹಾಸುಬಟ್ಟೆಗೆ ಇಳಿಸಿದರೂ ನೆರೆಮನೆಯನ್ನು ತೋರಿಸಲು ಭೂಮಿ ಸಾಲದು.

ಕತಾರಿನಷ್ಟು ಆಕಾಶಗಂಗೆ

ಆದುದರಿಂದ ಮುಂದಕ್ಕೆ ಹೋಗಬೇಕಾದರೆ ಮಾದರಿಯನ್ನು ಮತ್ತೊಮ್ಮೆ ಕುಗ್ಗಿಸಬೇಕು. ಕತಾರ್ ಪರ್ಯಾಯದ್ವೀಪ ಉತ್ತರ ದಕ್ಷಿಣವಾಗಿ ಸುಮಾರು 160 ಕಿಲೋಮೀಟರು ಉದ್ದ. ನಮ್ಮ ಆಕಾಶಗಂಗೆಯ ಅಡ್ಡಳತೆ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಆಕಾಶಗಂಗೆಯನ್ನು ಕತಾರಿನಷ್ಟು ಮಾಡಿದರೆ ಒಂದು ಜ್ಯೋತಿರ್ವರ್ಷಕ್ಕೆ 1.6 ಮೀಟರು ಬರುತ್ತದೆ. ನಾವು ಬೆವರು ಸುರಿಸಿ ನಡೆದ ಸೌರಮಂಡಲ, ನೆಪ್ಚೂನಿನ ಕಕ್ಷೆಯವರೆಗೆ ಪೂರ್ತಿಯಾಗಿ, ಈಗ ಒಂದೂವರೆ ಮಿಲಿಮೀಟರು: ಒಂದು ಸಾಸಿವೆ ಕಾಳು. ತಂದೆಯವರ ಸ್ಲೇಟಿನ ಮೇಲೆ ಭೂಮಿಯಾಗಿದ್ದ ಕಾಳು ಇಲ್ಲಿ ಸೌರಮಂಡಲವೇ ಆಯಿತು. ಪ್ರಾಕ್ಸಿಮಾ ಅದರಿಂದ ಏಳು ಮೀಟರಿಗೆ ಸ್ವಲ್ಪ ಕಡಿಮೆ.

ಈ ಎರಡನೆಯ ಮಾದರಿಯನ್ನು ತೋರಿಸಲು ಮಕ್ಕಳನ್ನು ಇನ್ನೊಂದು ದಿನ ಪಶ್ಚಿಮ ಕತಾರಿನ ಝಿಕ್ರೀತ್ ಬಳಿಯ ಮರುಭೂಮಿಗೆ ಕರೆದೊಯ್ದೆವು. ಅಲ್ಲಿ ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ ಅವರು 2014ರಲ್ಲಿ ಪೂರ್ಣಗೊಳಿಸಿದ ಕೃತಿಯೊಂದಿದೆ. ಹದಿನಾಲ್ಕು ಮೀಟರಿಗೂ ಎತ್ತರದ ನಾಲ್ಕು ಉಕ್ಕಿನ ಹಲಗೆಗಳು ಒಂದು ಕಿಲೋಮೀಟರಿಗೂ ಉದ್ದವಾದ ಸಾಲಿನಲ್ಲಿ ನಿಂತಿವೆ. ನೆಲ ಏರಿಳಿದರೂ ನಾಲ್ಕರ ತಲೆಯೂ ಒಂದೇ ಮಟ್ಟ. ಮೊದಲ ಹಲಗೆಯ ಬುಡದಲ್ಲಿ ಸಾಸಿವೆ ಇಟ್ಟೆವು. ಅರಬರು ‘ಸುಹೈಲ್’ ಎಂದೂ ನಾವು ‘ಅಗಸ್ತ್ಯ’ ಎಂದೂ ಕರೆಯುವ ನಕ್ಷತ್ರ ಸುಮಾರು 310 ಜ್ಯೋತಿರ್ವರ್ಷ ದೂರದ್ದು. ಅದು ಸಾಲಿನ ನಡುಮಧ್ಯದ ಸುಮಾರಿಗೆ, 500 ಮೀಟರಿನಲ್ಲಿ ಬಂದಿತು. ಆಗಸ್ಟ್ 24ರ ಸುಮಾರಿಗೆ ಬೆಳಗಿನ ಜಾವ ದಕ್ಷಿಣದಂಚಿನಲ್ಲಿ ಸುಹೈಲ್ ಕಂಡರೆ ಬೇಸಗೆಯ ಕಾವು ಇಳಿಯಿತೆಂದು ಇಲ್ಲಿಯವರು ಸಮಾಧಾನಪಡುತ್ತಾರೆ. ಅಗಸ್ತ್ಯ ಉದಯಿಸಿದರೆ ಮಳೆಗಾಲದಲ್ಲಿ ಕಲಕಿದ ನೀರು ತಿಳಿಯಾಗುವುದೆಂದು ನಮ್ಮ ಹಿರಿಯರ ನಂಬಿಕೆ. ಒಂದೇ ಬೆಳಕನ್ನು ಎರಡು ಸೀಮೆಯವರೂ ಋತುವಿನ ಬಾಗಿಲಿಗೆ ದೀಪವಾಗಿಟ್ಟುಕೊಂಡರು. ಈಗ ನಮ್ಮ ಕಣ್ಣಿಗೆ ಬೀಳುವ ಅದರ ಕಿರಣ ಹೊರಟಾಗ ನಮ್ಮ ಕರಾವಳಿಯನ್ನು ಕೆಳದಿಯ ನಾಯಕರು ಆಳುತ್ತಿದ್ದರು.

ಸಾಲಿನ ಕೊನೆಯ ಹಲಗೆಯ ಹತ್ತಿರ, ಸುಮಾರು 970 ಮೀಟರಿನಲ್ಲಿ, ಕತಾರಿನ ಹೆಸರನ್ನೇ ಹೊತ್ತ ಒಂದು ನಕ್ಷತ್ರವಿದೆ. ಖಾಲಿದ್ ಅಲ್ ಸುಬಾಯ್ ಅವರ ನೇತೃತ್ವದ ಶೋಧದಲ್ಲಿ 2010ರಲ್ಲಿ ಅದರ ಸುತ್ತ ಒಂದು ಗ್ರಹ ಪತ್ತೆಯಾಯಿತು. ಅದರ ಹೆಸರು ಕತಾರ್-1ಬಿ. ಗುರುಗ್ರಹಕ್ಕಿಂತ ತುಸು ದೊಡ್ಡದಾದ ಈ ಗ್ರಹ ತನ್ನ ಸೂರ್ಯನನ್ನು ಕೇವಲ 34 ಗಂಟೆಗಳಲ್ಲಿ ಸುತ್ತುತ್ತದೆ. ಕಾರ್ನಿಶ್‌ನ ಪ್ರಮಾಣಕ್ಕೆ ಹಿಂದಿರುಗಿ ಹೇಳುವುದಾದರೆ, ಹಳದಿ ಬಟ್ಟೆಯಿಂದ ಮೂರೂವರೆ ಮೀಟರಿನಲ್ಲಿ ಒಂದು ಚಕ್ಕೋತ! ನಮ್ಮ ಬುಧನೇ 58 ಮೀಟರು ದೂರದಲ್ಲಿದ್ದುದನ್ನು ಕಂಡಿದ್ದ ಮಕ್ಕಳು ಅಂಥ ಲೋಕದ ಬಿಸಿಯನ್ನು ತಾವೇ ಊಹಿಸಿಕೊಂಡರು.

ಇದೇ ಮಾದರಿಯಲ್ಲಿ ಆಕಾಶಗಂಗೆಯ ಕೇಂದ್ರ ಸಾಸಿವೆಯಿಂದ 42 ಕಿಲೋಮೀಟರು. ಬರಿಗಣ್ಣಿಗೆ ಮಸುಕಾಗಿ ಕಾಣುವ ಆಂಡ್ರೊಮೀಡಾ ಎಂಬ ನೆರೆಯ ಗೆಲಾಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರ. ಮಾದರಿಯಲ್ಲಿ 4,000 ಕಿಲೋಮೀಟರು. ನಮ್ಮೂರಿಗಿಂತಲೂ ಆಚೆ. ಮನುಷ್ಯ ಉಪಕರಣಗಳಿಂದ ಅರಿಯಬಹುದಾದ ವಿಶ್ವದ ಅಡ್ಡಳತೆ ಸುಮಾರು 9,300 ಕೋಟಿ ಜ್ಯೋತಿರ್ವರ್ಷ. ಕತಾರಿನಷ್ಟು ಆಕಾಶಗಂಗೆ, ಸಾಸಿವೆಯಷ್ಟು ಸೌರಮಂಡಲ ಎಂದಿಟ್ಟುಕೊಂಡರೂ ಆ ವಿಶ್ವಕ್ಕೆ ಸುಮಾರು 15 ಕೋಟಿ ಕಿಲೋಮೀಟರು ಬೇಕು. ಅದು ನಿಜವಾದ ಭೂಮಿಯಿಂದ ನಿಜವಾದ ಸೂರ್ಯನವರೆಗಿನ ದೂರ. ನೂರೈವತ್ತು ಮೀಟರೆಂದು ನಾವು ಎರಡೂವರೆ ನಿಮಿಷದಲ್ಲಿ ದಾಟಿದ್ದ ಆ ಮೊದಲ ಮೆಟ್ಟಿಲು ಇಲ್ಲಿ ಕೊನೆಯ ಗಡಿಯಾಗಿ ಬಂದು ನಿಂತಿತು.

ಎರಡನೆಯ ಚೆಂಡು

ಈ ಲೇಖನವನ್ನು ಓದುತ್ತಿರುವ ಬಂಧುಗಳಲ್ಲಿ ನನ್ನದೊಂದು ಕೋರಿಕೆಯಿದೆ. ಊರಿಗೆ ಹಿಂದಿರುಗಿದ ಮೇಲೆ ಒಂದು ರಜೆಯ ದಿನ ಮಕ್ಕಳನ್ನು ಕರೆದುಕೊಂಡು ತಮ್ಮ ಬೀದಿಯಲ್ಲಿಯೋ ಉದ್ಯಾನದಲ್ಲಿಯೋ ತಂದೆಯವರ ಮಾದರಿಯನ್ನು ಹಾಸಿರಿ. ವೆಚ್ಚವೇನೂ ಇಲ್ಲ. ಒಂದು ವಾಲಿಬಾಲ್, ಒಂದು ಸಾಸಿವೆ, ಒಂದು ಅಡಕೆ, 680 ಮೀಟರು ದಾರಿ; ಅಳತೆಗಳನ್ನು ಮೇಲೆ ಕೊಟ್ಟಿದ್ದೇನೆ. ಮಕ್ಕಳು ಅರ್ಧದಲ್ಲಿ ಬೇಸರಪಟ್ಟರೆ ಚಿಂತಿಸಬೇಡಿ. ಬೇಸರ ಬರುವಷ್ಟು ಬಯಲು ಅಲ್ಲಿ ಇದೆಯೆಂದೇ ಅವರು ತಿಳಿಯಬೇಕಾದುದು.

ಇನ್ನೊಂದು ಮಾತು. ಆರು ಸಾವಿರ ಕಿಲೋಮೀಟರು ಆಚೆ ಎರಡನೆಯ ಚೆಂಡನ್ನಿಡಲು ಯಾರೂ ಹೋಗಲಾರರೆಂದು ಅಂದು ನಾವು ನಕ್ಕಿದ್ದೆವು. ಅಮೆರಿಕದಲ್ಲಿ ನೆಲೆಸಿರುವ ಬಂಧುಗಳ ಮನೆ ನಮ್ಮೂರಿನ ಆ ಮೈದಾನದಿಂದ ಅದರ ಎರಡು ಪಟ್ಟು ದೂರದಲ್ಲಿದೆ. ಒಬ್ಬ ಹಳ್ಳಿಯ ಮೇಷ್ಟರ ಅಳತೆಯಲ್ಲಿ ತಾವೆಲ್ಲ ಅತಿ ಹತ್ತಿರದ ನಕ್ಷತ್ರವನ್ನೂ ದಾಟಿ ಹೋದವರು. ಅಷ್ಟು ದೂರದಿಂದ ಬಂದು ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದೇವೆ.

ಚುಕ್ಕೆಗಳಿಟ್ಟ ಮುತ್ತು ಈಗ ನಮ್ಮ ಮನೆಯಲ್ಲಿ ತಂದೆಯವರ ಭಾವಚಿತ್ರದ ಎದುರಿಗಿದೆ. ಕಳೆದ ಬೇಸಗೆ ರಜೆಯಲ್ಲಿ ಊರಿಗೆ ಹೋದಾಗ ಮಗಳು ಅದನ್ನು ಜೊತೆಗೆ ತಂದಳು. ಶಾಲೆಯ ಮೈದಾನದಲ್ಲಿ ನಿಂತು, ಎರಡು ಚುಕ್ಕೆಗಳಲ್ಲಿ ತಾನೀಗ ಯಾವುದರ ಮೇಲಿದ್ದೇನೆಂದು ಅಜ್ಜಿಗೆ ತೋರಿಸಿದಳು. ಕನ್ನಡಕ ತರದೆ ಬಂದಿದ್ದ ಅಜ್ಜಿ ಮಣಿಯನ್ನು ಬೆಳಕಿಗೆ ಹಿಡಿದು ನೋಡಿ, ‘ನನಗೆ ಎರಡೂ ಒಂದೇ ಕಾಣುತ್ತದೆ, ಮಗಾ’ ಎಂದರು.